ಅಳಿಯನ ಕೈಯ ಪಾನಾ

ಜೇವರ್ಗಿಯ ಹೈವೇ ಪಕ್ಕದಲ್ಲಿ ಅಪ್ಪನ ರಿಪೇರಿ ಅಂಗಡಿ. ಪಂಪು, ಸ್ಪ್ರೇಯರು, ಮರ ಕೊಯ್ಯುವ ಚೈನ್‌ಸಾ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಕಿರಿಯ ಮಗಳಾದ ನಾನು ಡಿಗ್ರಿ ಮುಗಿಸಿ ಗಲ್ಲಾದ ಮುಂದೆ ಕೂತು ಬಿಲ್ಲು ಬರೆಯುತ್ತಿದ್ದೆ. ಆ ವರ್ಷ ಅಕ್ಕನ ಗಂಡ ಅಕ್ಕನನ್ನೂ ಕರೆದುಕೊಂಡು ತನ್ನೂರು ನಿಂಬರ್ಗಾದಿಂದ ಬಂದು ನಮ್ಮಲ್ಲೇ ಉಳಿದ. ಅಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಭಾಗ ಬಿಚ್ಚಿ ತೋರಿಸತೊಡಗಿದರು. ನಾನು ಕೇಳಿದಾಗೆಲ್ಲ "ಕೈ ಹೊಲಸ ಆಗ್ತಾವ, ಬಿಡು" ಎಂದವರು ಇದೇ ಅಪ್ಪ. ನನ್ನ ಹೊಟ್ಟೆ ಉರಿಯುತ್ತಿತ್ತು. ಅವನ ಕೈಯಿಂದ ಒಂದು ನಟ್ ಜಾರಿ ಬಿದ್ದರೂ ನನಗೆ ಒಳಗೊಳಗೇ ಖುಷಿ. ಆದರೂ ಅಪ್ಪ ಅವನಿಗೆ ಹೇಳುವ ಮಾತೆಲ್ಲ ಕಿವಿಗೊಟ್ಟು ಕೇಳುತ್ತಿದ್ದೆ.

ಅಪ್ಪ ಸಾಮಾನು ತರಲು ಕಲಬುರಗಿಗೆ ಹೋದ ದಿನ ಒಬ್ಬ ರೈತ ಚೈನ್‌ಸಾ ತಂದಿಟ್ಟ. ಹೊಲದ ಬದುವಿನ ಜಾಲಿ ಕೊಯ್ಯುವಾಗ ಚೈನು ಜಿಗಿಯುತ್ತಿತ್ತಂತೆ.

"ಹೊಸಾ ಚೈನ್ ಹಾಕೇನ್ರಿ, ಆದ್ರೂ ನಿಲ್ಲವಲ್ದು," ಎಂದ.

ಅಕ್ಕನ ಗಂಡ ಚೈನು ಬಿಗಿ ಮಾಡಿದ, ಸಡಿಲ ಮಾಡಿದ, ತಲೆ ಕೆರೆದುಕೊಂಡ. ನಾನು ತಡೆಯಲಾರದೆ ಎದ್ದು ಹೋದೆ.

"ಮಾಮಾ, ಚೈನ್ ಅಲ್ರಿ. ಅದನ್ನ ತಿರಗಸೋ ಸ್ಪ್ರಾಕೆಟ್ ಸವದದ. ಹಲ್ಲಿನ್ಯಾಗ ಹೆಂಗ ಗುಣಿ ಬಿದ್ದಾವ ನೋಡ್ರಿ. ಇದು ಹೊಸಾ ಚೈನನ್ನೂ ಕೆಡಸ್ತದ."

ಅವನು ವಾದಿಸಲಿಲ್ಲ. ನಟ್ ಬಿಚ್ಚುವ ಪಾನಾ ನನ್ನ ಕೈಗೆ ಕೊಟ್ಟು, "ನೀನ ಬಿಚ್ಚು, ನಾ ಹಿಡಕೋತೇನಿ," ಎಂದ. ಅವನ ಒಳ್ಳೆಯತನ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಸ್ಪ್ರಾಕೆಟ್ ತೆಗೆಯಲು ಮೊದಲು ಕ್ಲಚ್ಚು ಬಿಚ್ಚಬೇಕು; ಅದನ್ನು ಬೇರೆ ನಟ್‌ಗಳ ಹಾಗೆ ಎಡಕ್ಕಲ್ಲ, ಬಲಕ್ಕೇ ತಿರುಗಿಸಬೇಕು. ಅಪ್ಪ ಅವನಿಗೆ ಹೇಳಿದ್ದು ನನಗೆ ನೆನಪಿತ್ತು. ಹಳೆಯ ಸ್ಪ್ರಾಕೆಟ್ ತೆಗೆದು, ಒಳಗಿನ ಕಸ ಒರೆಸಿ, ಬೇರಿಂಗಿಗೆ ಗ್ರೀಸ್ ಹಚ್ಚಿ ಹೊಸದನ್ನು ಕೂರಿಸಿದೆ. ಚೈನು ಜಿಗಿಯದೆ ಓಡಿತು.

ಸಂಜೆ ಅಪ್ಪ ಬಂದು, ಮೇಜಿನ ಮೇಲಿದ್ದ ಸವೆದ ಸ್ಪ್ರಾಕೆಟ್ ನೋಡಿ, "ಶಾಬಾಸ್, ಬರೋಬರಿ ಹಿಡದಿ ನೋಡು," ಎಂದು ಅಳಿಯನಿಗೆ ಹೇಳಿದರು.

"ನಾ ಅಲ್ರಿ ಮಾವಾರ, ಆಕಿ ಮಾಡಿದ್ಲು."

ಅಪ್ಪ ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಅವನ ಬೆನ್ನ ಮೇಲೆ ಕೈಯಿಟ್ಟು, "ಇದ್ದದ್ದು ಇದ್ದಂಗ ಹೇಳ್ತಿ. ಮನಷ್ಯಾ ಅಂದ್ರ ಹಿಂಗಿರಬೇಕು," ಎಂದರು.

ಕೆಲಸ ಮಾಡಿದವಳು ನಾನು, ಹೊಗಳಿಕೆ ನಿಜ ಹೇಳಿದವನಿಗೆ. ಅಂದು ಅಕ್ಕನ ಜೊತೆಗೂ ಮಾತಾಡಲಿಲ್ಲ.

ಮರುದಿನ ನಾನೇ ಸ್ಟೂಲ್ ಎಳೆದುಕೊಂಡು ಅವರಿಬ್ಬರ ನಡುವೆ ಕೂತೆ. ಅಪ್ಪ ಸ್ವಲ್ಪ ಸರಿದರು. ಈಗ ನಾನೂ ಅಕ್ಕನ ಗಂಡನೂ ಕೂಡಿಯೇ ರಿಪೇರಿ ಮಾಡುತ್ತೇವೆ. ಗಿರಾಕಿಗಳು ಮಷೀನನ್ನು ಅವನ ಮುಂದೆಯೇ ಇಡುತ್ತಾರೆ. ಅವನು ಅದನ್ನು ಸುಮ್ಮನೆ ನನ್ನ ಕಡೆ ಸರಿಸುತ್ತಾನೆ. ಅದೂ ನನಗೆ ಹಿಡಿಸುವುದಿಲ್ಲ.