ಅಮಾವಾಸ್ಯೆ ಗೊತ್ತಿಲ್ಲದ ಆ್ಯಪ್

ಬ್ಲೌಸಿನ ಅಳತೆ ಬರೆದುಕೊಳ್ಳುವ ನನ್ನ ಉದ್ದನೆಯ ನೋಟುಬುಕ್ಕಿನಲ್ಲಿ ಒಂದು ಪುಟ ಮಾತ್ರ ಬೇರೆ. ಅದರಲ್ಲಿ ಎದೆಸುತ್ತು, ತೋಳು, ಕೊರಳು ಇಲ್ಲ. ಮೂರು ಆ್ಯಪುಗಳ ಅಳತೆ ಇದೆ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ವಿಡಿಯೊ ಓಡುತ್ತದೋ ನಿಲ್ಲುತ್ತದೋ, ಅಕ್ಷರ ಕನ್ನಡದಲ್ಲಿ ಬರುತ್ತದೋ ಇಲ್ಲವೋ, ಗಾಜು ಒಡೆದ ಹಳೇ ಫೋನಿನಲ್ಲಿ ತೆರೆಯುತ್ತದೋ, ಹೀಗೆ ಒಂದೊಂದು ಸಾಲು.

ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಬಹಳ ವರ್ಷಗಳಿಂದ ಹೊಲಿಗೆ ಕಲಿಸುತ್ತಿದ್ದೇನೆ. ಹತ್ತಿಮತ್ತೂರು, ಯಲವಿಗಿಯಿಂದ ಬಂದು ಕಲಿತವರಿದ್ದಾರೆ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಕಡೆಯವರಿಗೆ ಮಾತ್ರ ದಿನಾ ಬಂದು ಹೋಗುವುದು ಆಗದ ಮಾತು. ಅವರಿಗಾಗಿ ಆನ್‌ಲೈನ್ ಕ್ಲಾಸು ಶುರು ಮಾಡೋಣ ಎಂದು ಮಗಳು ಹೇಳಿದಾಗ ಒಪ್ಪಿದೆ. ಆದರೆ ಆ್ಯಪ್ ಆರಿಸುವವಳು ನಾನೇ ಎಂದೆ. ಬಟ್ಟೆಯನ್ನಾದರೂ ಮುಟ್ಟಿ ನೋಡದೆ ತಂದವಳಲ್ಲ ನಾನು.

ಮಗಳಿಗೆ ಮೊದಲನೇ ಆ್ಯಪ್ ಮೇಲೆ ಮನಸ್ಸು. ಅದರಲ್ಲಿ ನಮ್ಮದೇ ಬಣ್ಣ, ನಮ್ಮದೇ ಹೆಸರು, ಕೊನೆಗೆ ಸರ್ಟಿಫಿಕೇಟು.

“ಯವ್ವಾ, ನೀ ಏನೂ ಮಾಡೂದ ಬ್ಯಾಡ. ಪಾಠ ತಾನ ತೆರಕೊಳ್ತೈತಿ, ತಾನ ಮುಚ್ಚಿಕೊಳ್ತೈತಿ,” ಎಂದಳು.

“ಹಂಗಾರ ನಾ ಯಾಕ ಬೇಕು?”

“ಫೋಟೋದಾಗ ಚೆಂದ ಕಾಣಾಕ!”

ಎರಡನೆಯದು ವಿಡಿಯೊ ನಡುವೆ ಜಾಹೀರಾತು ತೂರಿಸುತ್ತಿತ್ತು. ಅದನ್ನು ಅಲ್ಲೇ ಹೊಡೆದು ಹಾಕಿದೆ. ಮೂರನೆಯದು ನೋಡಲು ಬೋಳು. ಪ್ರತಿಯೊಬ್ಬರ ಪಾಠವನ್ನೂ ಕಲಿಸುವವರೇ ಕೈಯಿಂದ ತೆರೆಯಬೇಕು. “ಇದೇನು, ಅಸ್ತರ ಇಲ್ಲದ ಬ್ಲೌಸು,” ಎಂದು ನಾನೂ ನಕ್ಕೆ. ಕೊನೆಗೆ ಮಗಳ ಮಾತಿನಂತೆ ಮೊದಲನೆಯದನ್ನೇ ಪುಕ್ಕಟೆ ಪರೀಕ್ಷೆಯ ಅವಧಿಗೆ ಹಿಡಿದೆವು. ಹನ್ನೊಂದು ಹೆಣ್ಣುಮಕ್ಕಳು ಸೇರಿದರು. ಎರಡು ದಿನಕ್ಕೊಂದು ಪಾಠ. ಬೆಳಿಗ್ಗೆ ತೆರೆದ ಪಾಠ ಸಂಜೆ ಮುಚ್ಚುತ್ತದೆ. ಅಷ್ಟರಲ್ಲಿ ಕೆಲಸದ ಫೋಟೊ ಕಳಿಸಬೇಕು.

ಐದನೆಯ ಪಾಠ, ಹೊಸ ಬಟ್ಟೆ ಕತ್ತರಿಸುವುದು. ಅದುವರೆಗೆ ಎಲ್ಲ ಹಳೆಯ ಪೇಪರಿನ ಮೇಲೆ.

ಆ ದಿನ ಬೆಳಿಗ್ಗೆ ನಾನು ಮಿಷನ್ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಕುಳಿತಿದ್ದೆ. ಅಮಾವಾಸ್ಯೆ ಬಂದರೆ ನನ್ನದು ಇದೇ ಕೆಲಸ. ಅಂದು ನಾನು ಹೊಸ ಬಟ್ಟೆಗೆ ಕತ್ತರಿ ಹಚ್ಚುವುದಿಲ್ಲ; ಗಿರಾಕಿಗಳೂ ಹಚ್ಚಗೊಡುವುದಿಲ್ಲ. ಎಣ್ಣೆಗೈಯಲ್ಲೇ ಫೋನು ನೋಡಿದೆ. ಐದನೆಯ ಪಾಠ ತೆರೆದು ಕುಳಿತಿತ್ತು. ಇಷ್ಟು ವರ್ಷ ಅಮಾವಾಸ್ಯೆಯ ದಿನ ಕತ್ತರಿ ಮುಟ್ಟದ ನಾನು ಹನ್ನೊಂದು ಮನೆಗಳಿಗೆ ಕತ್ತರಿ ಹಿಡಿಯಿರಿ ಎಂದು ಹೇಳಿಬಿಟ್ಟಿದ್ದೆ! ದಿನಗಳನ್ನು ಗೊತ್ತು ಮಾಡುವಾಗ ಫೋನಿನ ಕ್ಯಾಲೆಂಡರು ನೋಡಿದ್ದೆನೇ ಹೊರತು ಬಾಗಿಲ ಹಿಂದಿನ ಗೋಡೆಯದನ್ನಲ್ಲ.

ಸಂಜೆಗೆ ನಾಲ್ಕೇ ಫೋಟೊ ಬಂದವು. ಅದರಲ್ಲಿ ಮೂರು ಶಿಗ್ಗಾಂವಿಯ ಮುಸ್ಲಿಂ ಮನೆಗಳವು. ಉಳಿದ ಏಳು ಜನರ ಹೆಸರಿನ ಮುಂದೆ ಕೆಂಪು ಗುರುತು ಬಿದ್ದು ಮುಂದಿನ ಪಾಠಕ್ಕೆ ಬೀಗ ಬಿತ್ತು.

ಹಿರೇಕೆರೂರು ಹತ್ತಿರದ ಹಳ್ಳಿಯ ಸೊಸೆಯೊಬ್ಬಳು ಫೋನು ಮಾಡಿದಳು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ, ಮತ್ತೆ ಪುಸ್ತಕ ಹಿಡಿಯದವಳು.

“ಅಕ್ಕಾರ, ನಾ ಇಲ್ಲೂ ನಪಾಸ್ ಆದ್ನೇನ್ರಿ?”

“ಇಲ್ಲ ತಂಗಿ, ತಪ್ಪು ನಂದು.”

“ನಮ್ಮತ್ತಿ ಕೆಂಪು ನೋಡಿ, ‘ಅಮಾಸಿ ದಿನ ಅರಬಿ ಕತ್ತರಸ್ರಿ ಅನ್ನಾಕಿ ಎಂಥಾ ಮಾಸ್ತರಬಾಯಿ, ಸಾಕ್ ಬಿಡು’ ಅನ್ನಾಕತ್ತಾರ್ರಿ. ನನಗೂ ಸಾಕನ್ನಸೇತಿ. ಅರಬಿ ಮಡಚಿ ಟ್ರಂಕಿನಾಗ ಇಟ್ಟೇನ್ರಿ.”

“ಎರಡ ದಿನ ತಡಿ. ಅರಬಿ ಯಾರಿಗೂ ಕೊಡಬ್ಯಾಡ.”

ಅವಳು ಫೋನಿಟ್ಟಳು. ಆ ಟ್ರಂಕು ಮತ್ತೆ ತೆರೆಯದಿದ್ದರೆ ಅವಳ ಎರಡನೆಯ ನಪಾಸಿಗೆ ನಾನೇ ಕಾರಣಳಾಗುತ್ತಿದ್ದೆ.

ಮರುದಿನ ಆ್ಯಪಿನವರಿಗೆ ಫೋನು ಹಚ್ಚಿದೆ. ಆ ಕಡೆಯವನು ಬಹಳ ಮರ್ಯಾದಸ್ಥ.

“ಮೇಡಂ, ರಜೆ ಇದ್ರೆ ಮೊದಲೇ ತಾರೀಖು ಹಾಕ್ಬೇಕಿತ್ತು.”

“ಅಮಾಸಿಗೆ ಒಂದ ತಾರೀಖು ಎಲ್ಲೈತ್ರಿ? ತಿಂಗಳಾ ಬ್ಯಾರೆ ಬರ್ತೈತಿ.”

“ಹಾಗಾದ್ರೆ ಪ್ರತಿ ತಿಂಗಳೂ ಹಾಕ್ತಾ ಹೋಗಿ, ಮೇಡಂ.”

“ಈಗ ಬೀಗ ಬಿದ್ದವ್ರದು?”

“ಅವರು ಮುಂದಿನ ಬ್ಯಾಚಿಗೆ ಬರ್ಬೇಕು. ಒಬ್ಬೊಬ್ಬರಿಗೆ ತೆಗೆಯೋಕೆ ಬರಲ್ಲ.”

ಫೋನಿಟ್ಟು ನೋಟುಬುಕ್ಕು ತೆರೆದೆ. ಅಮಾವಾಸ್ಯೆಯನ್ನೇನೋ ನೋಡಿ ಹಾಕಬಹುದು. ಆದರೆ ಒಬ್ಬಳ ಮನೆಯಲ್ಲಿ ಗೋವಿನಜೋಳದ ಸುಗ್ಗಿ, ಇನ್ನೊಬ್ಬಳದು ಸೂತಕ, ಮತ್ತೊಬ್ಬಳ ಫೋನು ಗಂಡನ ಜೊತೆ ಹೊಲಕ್ಕೆ. ಇವನ್ನೆಲ್ಲ ಯಾವ ತಾರೀಖಿಗೆ ಹಾಕಲಿ? ಮೂರೂ ಆ್ಯಪುಗಳ ಕೆಳಗೆ ಒಂದು ಹೊಸ ಸಾಲು ಬರೆದೆ: ‘ಒಬ್ಬೊಬ್ಬರಿಗೆ ತೆಗೆಯಲು ಬರುತ್ತದೋ?’ ನಾನು ನಕ್ಕಿದ್ದ ಆ ಬೋಳು ಆ್ಯಪಿನ ಮುಂದೆ ಮಾತ್ರ ಟಿಕ್ ಬಿತ್ತು.

ಮಗಳು ತಲೆಗೆ ಕೈ ಹಚ್ಚಿದಳು. “ಯವ್ವಾ, ಈಗ ಹನ್ನೊಂದ ಮಂದಿ. ನಾಳೆ ನೂರು ಮಂದಿ ಆದ್ರ? ದಿನಾ ನೂರು ಸಲ ಒತ್ಕೋತ ಕುಂದ್ರತೀಯೇನು?”

“ನೂರು ಮಂದೀದು ಅಳತಿ ಒಂದೊಂದ ತಗೊಂಡೇನಿ. ಬಟ್ಟು ಒತ್ತೂದು ಭಾರ ಏನು?”

ಅವಳು ಎದ್ದು ಹನ್ನೊಂದೂ ಹೆಸರುಗಳನ್ನು ಆ ಬೋಳು ಆ್ಯಪಿನಲ್ಲಿ ಏರಿಸಿಕೊಟ್ಟಳು. ಹಿರೇಕೆರೂರಿನವಳಿಗೆ ಐದನೆಯ ಪಾಠ ತೆರೆದು, “ನಿನಗ ಪುರಸೊತ್ತ ಆದಾಗ ಮಾಡು, ಇದು ಮುಚ್ಚೂದಿಲ್ಲ,” ಎಂದು ದನಿ ಹಾಕಿ ಕಳಿಸಿದೆ. ಒಂದು ದಿನ ಏನೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಚಹಾಕ್ಕೆ ನೀರಿಟ್ಟಾಗ ಫೋಟೊ ಬಂತು: ಚಾಪೆಯ ಮೇಲೆ ಹಸಿರು ಬಟ್ಟೆಯ ತುಂಡುಗಳು, ಮುಂಭಾಗ, ಬೆನ್ನು, ಎರಡು ತೋಳು. ನನ್ನ ಚಹಾ ಉಕ್ಕಿ ಒಲೆಯ ಪಾಲಾಯಿತು.

ಈಗ ದಿನಾ ಬೆಳಿಗ್ಗೆ ಗೋಡೆಯ ಕ್ಯಾಲೆಂಡರು ನೋಡಿ, ನೋಟುಬುಕ್ಕು ನೋಡಿ, ಒಬ್ಬೊಬ್ಬರ ಪಾಠ ತೆರೆಯುತ್ತೇನೆ. ನೂರು ಮಂದಿ ಇನ್ನೂ ಆಗಿಲ್ಲ, ಆಗುತ್ತಾರೆ.

ಹೋದ ತಿಂಗಳು ಹಿರೇಕೆರೂರಿನವಳು ಅದೇ ಹಸಿರು ಬ್ಲೌಸು ತೊಟ್ಟು, ಅತ್ತೆಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಅತ್ತೆ ಕುಳಿತವರೇ ಸೊಸೆ ಹೊಲಿದ ತಮ್ಮದೊಂದು ಬ್ಲೌಸನ್ನು ಚೀಲದಿಂದ ತೆಗೆದು ನನ್ನ ಮಡಿಲಿಗೆ ಹಾಕಿದರು.

“ನೋಡ್ರಿ ಮಾಸ್ತರಬಾಯಾರ, ಎಲ್ಲಿ ತಪ್ಪೇತಿ ಹೇಳ್ರಿ.”

ಕನ್ನಡಕ ಹಾಕಿಕೊಂಡು, ಒಳಮಗ್ಗಲು ತಿರುವಿ, ಕಂಕುಳ ಹೊಲಿಗೆ, ಟಕ್ಕು, ಕೊಂಡಿ ಪಟ್ಟಿ ಎಲ್ಲವನ್ನೂ ಬೆರಳಿಂದ ಸವರಿ ನೋಡಿದೆ. ಬಿಚ್ಚಬೇಕಾದ ಹೊಲಿಗೆ ಒಂದೂ ಸಿಗಲಿಲ್ಲ.