ಅಭ್ಯಾಸದ ರೋಗಿ

ಆಸ್ಪತ್ರೆಯ ಮೂರನೇ ಮಹಡಿಗೆ ತರಬೇತಿಗೆ ಬಂದವರೆಲ್ಲ ಮೊದಲು ಬಾಯಿ ಬಿಡಲು ಕಲಿತದ್ದು ಟೈಲರಮ್ಮನ ಎದುರು ಕೂತು. ಎಚ್‌ಐವಿ ಹೊತ್ತುಕೊಂಡೇ ಮುಪ್ಪಿಗೆ ಕಾಲಿಟ್ಟವರಲ್ಲಿ ಉಳ್ಳವರು ಗಟ್ಟಿಯಾಗಿ ಓಡಾಡುವಾಗ ಇಲ್ಲದವರು ಯಾಕೆ ಬೇಗ ಕುಸಿಯುತ್ತಾರೆ ಎಂದು ಅಧ್ಯಯನ ಮಾಡಲು ಬಂದ ಓದಿದ ಮಕ್ಕಳು ಅವರು. ನಿಜವಾದ ರೋಗಿಗಳ ಬಳಿ ಹೋಗುವ ಮುಂಚೆ ಪ್ರಶ್ನೆ ಕೇಳಿ ಪಳಗಬೇಕಲ್ಲ, ಅದಕ್ಕೆ ರೋಗಿಯಾಗಿ ಕೂರುವವಳು ಟೈಲರಮ್ಮ. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಅವಳಿಗೆ ಆ ಸೋಂಕು ಮತ್ತು ಒಂದು ಹೊಲಿಗೆ ಯಂತ್ರ.

"ಅಕ್ಕಾ, ಇವತ್ತು ಸ್ವಲ್ಪ ಸಿಡುಕಿ. ಅಳೋದು ನಾಳೆಗಿರ್ಲಿ," ಎನ್ನುತ್ತಿದ್ದರು ತರಬೇತಿಯ ಮೇಡಂ. ಹೇಳಿದ ಅಳತೆಗೆ ಸರಿಯಾಗಿ ಟೈಲರಮ್ಮ ಸಿಡುಕುತ್ತಿದ್ದಳು, ಅಳುತ್ತಿದ್ದಳು.

ಒಮ್ಮೆ ಕನ್ನಡಕದ ಹುಡುಗಿಯೊಬ್ಬಳು ಕೂತವಳೇ, "ನಿಮ್ಮ ಗಂಡ ಯಾವಾಗ ಸತ್ರು?" ಎಂದಿದ್ದಳು.

"ಬಸ್ಸು ಯಾವಾಗ ಹೋಯ್ತು ಅಂತ ಕೇಳ್ದಂಗೆ ಕೇಳ್ತೀಯಲ್ಲೇ ಮಗಳೇ! ಕೆಟ್ಟ ಮಾತಿಗೆ ಮುಂಚೆ 'ನೀರು ಕುಡಿತೀರಾ' ಅಂತಾದ್ರೂ ಅನ್ನು."

ಹುಡುಗಿ ಕಲಿತಳು.

ಈಚೆಗೆ ಟೈಲರಮ್ಮನ ಸೊಂಟ ಹಟ ಹಿಡಿದಿತ್ತು. ಯಂತ್ರದ ಪೆಡಲು ತುಳಿದರೆ ಜೀವ ಬಾಯಿಗೆ ಬರುತ್ತಿತ್ತು. ಅಧ್ಯಯನಕ್ಕೆ ಸೇರಿದವರಿಗೆ ಮೂಳೆಯ ಪರೀಕ್ಷೆ, ದೊಡ್ಡ ಡಾಕ್ಟರು, ಔಷಧಿ ಎಲ್ಲ ಇಲ್ಲೇ ಸಿಗುತ್ತದೆ ಎಂದು ಕೇಳಿ, ಸೇರಿಸಿಕೊಳ್ಳುವ ದಿನ ಎಲ್ಲರಿಗಿಂತ ಮೊದಲೇ ಹೋಗಿ ಕೂತಳು. ಮೇಜಿನ ಹಿಂದೆ ಅದೇ ಕನ್ನಡಕದ ಹುಡುಗಿ.

"ಅಮ್ಮಾ, ನೀರು ಕುಡಿತೀರಾ?"

ತಾನೇ ಕಲಿಸಿದ ಮಾತು; ಮುಂದೆ ಬರುವುದು ಏನೆಂದು ಟೈಲರಮ್ಮನಿಗೆ ಗೊತ್ತಾಯಿತು.

"ಅಭ್ಯಾಸಕ್ಕೆ ಕೂತವ್ರನ್ನ ಸೇರಿಸ್ಕೊಳ್ಳೋ ಹಾಗಿಲ್ಲಮ್ಮ. ನಿಮಗೆ ಪ್ರಶ್ನೆ ಎಲ್ಲ ಗೊತ್ತು, ಉತ್ತರ ನಂಬೋಕಾಗಲ್ಲ ಅಂತ ನಿಯಮ."

"ಪ್ರಶ್ನೆ ನಂಗೆ ಗೊತ್ತು ಕಣೇ. ನನ್ನ ಸೊಂಟಕ್ಕೆ ಗೊತ್ತೇನೆ?"

ಹುಡುಗಿ ಮುಂದಿನವರನ್ನು ಕರೆದಳು.

ಮನೆಯಲ್ಲಿ ತಂಗಿ ಸುಮ್ಮನಿರುವವಳಲ್ಲ. "ನಿನ್ನ ತಲೆ ಮೇಲೆ ಕ್ಷೌರ ಕಲಿತ್ರು, ಈಗ ಊರವರ ತಲೆ ಚೆಂದ ಮಾಡ್ತಾರೆ. ನೀನು ಗಾಯ ಸವರ್ಕೊಂಡು ಕೂತ್ಕೋ!"

ಹೊಸ ತಂಡ ಬಂದಾಗ ಮೇಡಂ ಮತ್ತೆ ಹೇಳಿ ಕಳಿಸಿದರು. ಎಲ್ಲರೆದುರೇ ಕೇಳಿಬಿಡುತ್ತೇನೆ ಎಂದು ಟೈಲರಮ್ಮ ಗೋಡೆ ಹಿಡಿದುಕೊಂಡು ಹೋದಳು. ಎದುರಿಗೆ ಕೂತ ಹೊಸಬ ತಡವರಿಸುತ್ತ, "ಎಲ್ಲಾದ್ರೂ ನೋವಿದೆಯಾ?" ಎಂದ.

"ಇದೆಯಪ್ಪಾ. ಬಡವರು ಯಾಕೆ ಬೇಗ ಸಾಯ್ತಾರೆ ಅಂತ ಕಲಿಯೋಕೆ ಬಂದಿದೀರಲ್ಲ, ಕೇಳ್ಕೊಳ್ಳಿ. ನಿಮಗೆ ಕಲಿಸಿದ್ದಕ್ಕೇ ನನ್ನ ಹೊರಗೆ ಹಾಕಿದಾರೆ. ಕಾಲು ಎತ್ತಿಡೋಕಾಗಲ್ಲ, ಹೊಲಿಗೆ ನಿಂತೋಯ್ತು. ಇದು ನಾಟಕ ಅಲ್ಲ. ದೇವರಾಣೆ ನಾಟಕ ಅಲ್ಲ!"

ಕೋಣೆ ತುಂಬ ಚಪ್ಪಾಳೆ.

"ನೋಡಿದ್ರಾ, ಎಷ್ಟು ಸಹಜವಾಗಿ ಮಾಡಿದ್ರು ಅಕ್ಕ!" ಎಂದರು ಮೇಡಂ. "ಇಂಥ ಸಿಟ್ಟು ಎದುರಾದ್ರೆ ಏನ್ ಮಾಡ್ಬೇಕು? ಯಾರು ಹೇಳ್ತೀರಿ?"

ಬಾಗಿಲ ಬಳಿ ನಿಂತಿದ್ದ ಕನ್ನಡಕದ ಹುಡುಗಿಯತ್ತ ಟೈಲರಮ್ಮ ನೋಡಿದಳು. ಅದು ನಾಟಕವಲ್ಲ ಎಂದು ಬಲ್ಲವಳು ಅಲ್ಲಿ ಅವಳೊಬ್ಬಳೇ. ಹುಡುಗಿ ಒಮ್ಮೆ ಮೇಡಂ ಮುಖ ನೋಡಿದಳು. ಆಮೇಲೆ ಲೋಟ ತುಂಬಿಸಿ ತಂದು ಟೈಲರಮ್ಮನ ಮುಂದಿಟ್ಟು, ತಗ್ಗಿಸಿದ ತಲೆ ಎತ್ತದೆ ಹಿಂದೆ ಸರಿದಳು.

"ಶಭಾಷ್! ಹೀಗೇ ಮಾಡ್ಬೇಕು," ಎಂದರು ಮೇಡಂ.