ಹದ ತಪ್ಪಿದ ಹೊಲ

ಮೊನ್ನೆ ಸೊಸೆ ಹುರುಳಿ ಬೇಯಲು ಇಟ್ಟಿದ್ದಳು. ಆ ಒಗರು ವಾಸನೆ ನಡುಮನೆಗೆ ಬಂದದ್ದೇ ತಡ, ತೆರಕಣಾಂಬಿಯ ನೆರೆಮನೆ ಅಕ್ಕ ನೆನಪಾದಳು. ವರ್ಷವೆಲ್ಲ ಅವಳ ಒಲೆಯ ಮೇಲೆ ಹುರುಳಿಯೇ...

ಐವತ್ತರ ದಶಕ. ನಾನು ಮದುವೆಯಾಗಿ ಆ ಊರಿಗೆ ಬಂದ ಹೊಸತು. ಅಕ್ಕನ ಗಂಡ ನೀಲಗಿರಿಯ ಎಸ್ಟೇಟಿಗೆ ಕೂಲಿಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಅವಳಿಗೆ ಎರಡು ಎಕರೆ ಹೊಲವಿತ್ತು, ತಾನೇ ಮೇಯಿಸಿದ ಜೋಡೆತ್ತಿತ್ತು, ದುಡಿಯುವ ರಟ್ಟೆಯೂ ಇತ್ತು. ಆದರೆ ಹೆಂಗಸು ನೇಗಿಲು ಮುಟ್ಟಿದರೆ ಮಳೆ ಓಡಿಹೋಗುತ್ತದೆಂದು ಊರು ನಂಬಿತ್ತು. ಹಾಗಾಗಿ ನನ್ನ ಮಾವ ಅವಳ ಎತ್ತುಗಳನ್ನೇ ಹೂಡಿ ಮೊದಲು ನಮ್ಮ ಹೊಲ ಉತ್ತು, ಆಮೇಲೆ ಅವಳದಕ್ಕೆ ಇಳಿಯುತ್ತಿದ್ದರು. ಅಷ್ಟರಲ್ಲಿ ನೆಲ ಆರಿ, ಜೋಳದ ಹದ ತಪ್ಪಿರುತ್ತಿತ್ತು. ಉಳಿದದ್ದು ಹುರುಳಿ ಚೆಲ್ಲುವುದೊಂದೇ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಕೆ ನಮ್ಮ ಮನೆಯದಾಗಿತ್ತು.

ಒಂದು ವರ್ಷ ಮುಂಗಾರು ಚೆನ್ನಾಗಿ ಬಿತ್ತು. ಅಕ್ಕ ಹಿತ್ತಲಿಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ನಿಮ್ ಮಾವಂಗೆ ಒಂದ್ ಮಾತು ಯೋಳಮ್ಮಿ. ಈ ಸಲ ಮೊದ್ಲು ನನ್ ವಲ ಉತ್ಕೊಡ್ಲಿ. ಆಮ್ಯಾಕೆ ಎಷ್ಟ್ ದಿನ ಬೇಕಾರೂ ನಿಮ್ ಕಳೆ ಕೀಳ್ತೀನಿ ಕಣಮ್ಮಿ."

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಮಾವನೆದುರು ಸೊಸೆ ತಲೆಯೆತ್ತುವ ಮನೆಯಲ್ಲ ಅದು... ನಿಜವೆಂದರೆ, ಹೆದರಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳೇ ಸೆರಗು ಬಿಗಿದು ಎತ್ತು ಹೂಡಿದಳು. ಐದಾರು ಸಾಲು ಉತ್ತಿರಬೇಕು. ಮಾವ ಬೈಯಲಿಲ್ಲ, ಹೊಲಕ್ಕಿಳಿದು ಎತ್ತು ಬಿಚ್ಚಿ ನಮ್ಮ ಹೊಲಕ್ಕೆ ಹೊಡೆದುಕೊಂಡು ಬಂದರು.

"ಊರ್ಗೆ ಕೇಡು ತರ್ಬ್ಯಾಡ ಕಣವ್ವ. ನಾನ್ ಉತ್ಕೊಡಕಿಲ್ವಾ?" ಅಂದರು, ಮೆತ್ತಗೆ. ಅವರು ಕೆಟ್ಟವರಲ್ಲ. ಉತ್ತೂ ಕೊಟ್ಟರು, ಎಂದಿನಂತೆ ಕೊನೆಗೆ.

ಮರುವರ್ಷ ಅಕ್ಕ ಹೊಲವನ್ನು ನಮಗೇ ವಾರಕ್ಕೆ ಬಿಟ್ಟಳು, ಬೆಳೆದದ್ದರಲ್ಲಿ ಅರ್ಧ ಕೊಡುವ ಮಾತಿನ ಮೇಲೆ. ಈಗ ಅದನ್ನು ಹದಕ್ಕೆ ಸರಿಯಾಗಿ ಉತ್ತೆವು. ಜೋಳ ಆಳೆತ್ತರ ಬಂತು. ಅವಳು ತನ್ನದೇ ಹೊಲದಲ್ಲಿ ಕೂಲಿಗೆ ಕಳೆ ಕಿತ್ತಳು.

ಎಷ್ಟೋ ವರ್ಷಗಳ ಮೇಲೆ, ಉಳುವವನೇ ಹೊಲದೊಡೆಯ ಎಂದು ಕಾಯಿದೆ ಬಂತು. ಈ ಹೊಲ ಉಳುತ್ತಾ ಬಂದವರು ಯಾರು ಎಂದು ಅಧಿಕಾರಿಗಳು ಕೇಳಿದರು. ನಾವೇ ಅಂದರು ನನ್ನ ಗಂಡ. ಸುಳ್ಳಲ್ಲ. ಅಕ್ಕ ನನ್ನ ಮುಖ ನೋಡಿದಳು. ಮಾವ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ನನ್ನ ಬಾಯಿ ಕಟ್ಟುವವರು ಯಾರೂ ಇರಲಿಲ್ಲ. ಆದರೂ ಸುಮ್ಮನಿದ್ದೆ.

ಅವಳು ಗುಂಡ್ಲುಪೇಟೆಯ ಕಡೆ ಕೂಲಿಗೆ ಹೋದಳೆಂದು ಕೇಳಿದೆ. ಎಲ್ಲಿ ಮಣ್ಣಾದಳೋ... ಹೊಲ ಈಗ ನನ್ನ ಮಗನ ಹೆಸರಿನಲ್ಲಿದೆ. ಅಕ್ಕ ಇಲ್ಲವೆಂದು ಸಂಕಟವಾಗುತ್ತದೆ. ಹೊಲ ಬಿಟ್ಟುಕೊಡುವ ಮನಸ್ಸು ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.